ಒಂಬತ್ತು ಭಾನುವಾರ ನೋಡಿದ ಬೋಟು

ಜೆಟ್ಟಿಯ ಸುತ್ತಮುತ್ತ ಎಲ್ಲರೂ ಕುಶನ್ ಅಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತೆಂಟು, ವೃತ್ತಿ ಬೋಟುಗಳ ಸೀಟು, ಪರದೆ ಮತ್ತು ಹೊದಿಕೆ ಹೊಲಿಯುವುದು, ವಾಸ ಜೆಟ್ಟಿಯ ಹಿಂದಿನ ಬೀದಿಯ ಹಗ್ಗದಂಗಡಿಯ ಮೇಲಿನ ಮಹಡಿ, ಪೊಲೀಸ್ ಹೊರಠಾಣೆಗೆ ಈ ಮೂಲಕ ತಿಳಿಸುವುದೇನೆಂದರೆ:

ಈ ದಿನ ಬೆಳಿಗ್ಗೆ ಸರೋವರದ ನಡುವೆ ನನ್ನ ಬೋಟಿನಲ್ಲಿ ಒಂದು ಕುಟುಂಬದ ಮೂವರನ್ನು ಸುಮಾರು ಒಂದು ಗಂಟೆ ಕೂರಿಸಿಕೊಂಡಿದ್ದು ನಿಜ. ಕೂಡಿಹಾಕಿದೆ ಎಂದರೆ ಅದು ಸುಳ್ಳು. ಕ್ಯಾಬಿನ್ನಿನ ಬಾಗಿಲು ತೆರೆದೇ ಇತ್ತು, ಹೊರಗೆ ನೀರಿತ್ತು ಅಷ್ಟೆ. ಬೋಟು ನಡೆಸುವ ಪರವಾನಗಿ ನನಗಿದ್ದು, ಅದರ ನಕಲನ್ನು ಒಪ್ಪಿಸಿದ್ದೇನೆ.

ಸದರಿ ಬೋಟು ಹಳೆಯದು. ನಾಲ್ಕು ಜನ ಮಲಗುವಷ್ಟು ಕ್ಯಾಬಿನ್, ಒಂದು ಒಲೆ, ಮೊಣಕೈ ತಾಗುವಷ್ಟು ಇಕ್ಕಟ್ಟಾದ ಶೌಚಾಲಯ ಇರುತ್ತದೆ. ನಮ್ಮ ಯಜಮಾನರು ಎಂಜಿನ್ ರಿಪೇರಿ ಮಾಡುತ್ತಿದ್ದವರು. ಯಾರೋ ಗುಜರಿಗೆ ಹಾಕಲಿದ್ದ ಇದನ್ನು ತಂದು ಮತ್ತೆ ಓಡುವ ಹಾಗೆ ಮಾಡಿದ್ದು ಅವರೇ. ಕಾಗದ ನಮ್ಮಿಬ್ಬರ ಹೆಸರಿನಲ್ಲಿದೆ.

ಹೋದ ವರ್ಷದಿಂದ ಯಜಮಾನರಿಗೆ ಕಿವಿಯ ತೊಂದರೆಯಿಂದಾಗಿ ತಲೆಸುತ್ತು ಬರುತ್ತದೆ. ಮಾತಾಡುತ್ತ ನಿಂತವರು ಹಾಗೇ ಒಂದು ಕಡೆಗೆ ವಾಲುತ್ತಾರೆ. ಬೋಟಿನ ಹತ್ತಿರ ಸುಳಿಯಬಾರದೆಂದು ವೈದ್ಯರು ಹೇಳಿದ್ದನ್ನು ಅವರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ನಾನು ಹೊಲಿಗೆ ಯಂತ್ರದ ಮುಂದೆ ಕೂತೆನೋ ಇಲ್ಲವೋ, ಇವರು ಮೆಟ್ಟಿಲಿಳಿದಿರುತ್ತಾರೆ. ಯಂತ್ರದ ಸದ್ದಿನಲ್ಲಿ ನನಗೆ ಬಾಗಿಲಿನ ಸದ್ದು ಕೇಳುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಎರಡು ಸಲ ನೀರಿಗೆ ಬಿದ್ದಿದ್ದಾರೆ. ಎರಡನೆಯ ಸಲ ಬೋಟಿಗೂ ಜೆಟ್ಟಿಗೂ ನಡುವೆ ಸಿಕ್ಕಿಕೊಂಡಿದ್ದರು. ಕೊಕ್ಕೆಕೋಲನ್ನು ಅಂಗಿಯ ಕಾಲರಿಗೆ ಸಿಕ್ಕಿಸಿ ಎಳೆದವಳು ನಾನು. ಮೇಲೆ ಬಂದು ಕೆಮ್ಮುತ್ತ ಅವರು ಹೇಳಿದ್ದು, ತಳದಲ್ಲಿ ಪಾಚಿ ಕಟ್ಟಿದೆ, ಉಜ್ಜಿಸಬೇಕು ಎಂದು.

ಅವತ್ತೇ ಬೋಟು ಮಾರಿಬಿಡುವುದೆಂದು ತೀರ್ಮಾನಿಸಿದೆ. ಅದು ಅಲ್ಲಿ ಕಟ್ಟಿರುವವರೆಗೆ ಇವರು ಹೋಗುವುದನ್ನು ಬಿಡುವುದಿಲ್ಲ, ಒಂದಲ್ಲ ಒಂದು ದಿನ ನಾನು ತಡವಾಗಿ ಹೋಗುತ್ತೇನೆ. ಇದನ್ನು ಅವರಿಗೆ ಮುಖಕ್ಕೇ ಹೇಳಿದೆ. ಅವರು ಜಗಳವಾಡಲಿಲ್ಲ. ಮಾರು, ಆದರೆ ಸಂಸಾರಸ್ಥರಿಗೆ ಮಾರು ಎಂದಷ್ಟೇ ಹೇಳಿದರು. ಇಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು.

ಹೀಗಿರುವಾಗ ಶಾಲೆಯ ಲೆಕ್ಕದ ಮೇಷ್ಟ್ರು, ಅವರ ಹೆಂಡತಿ ಮತ್ತು ಮೇಷ್ಟ್ರ ತಾಯಿ ಬೋಟು ನೋಡಲು ಬಂದರು. ಇದು ಎರಡು ತಿಂಗಳ ಹಿಂದಿನ ಒಂದು ಭಾನುವಾರ. ಮೇಷ್ಟ್ರು ಬೋಟಿನ ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ ತಟ್ಟಿ ನೋಡಿದರು. ಹೆಂಡತಿ ಒಲೆ ಹಚ್ಚಿ ಆರಿಸಿದರು. ತಾಯಿ ಕ್ಯಾಬಿನ್ನಿನ ಸೀಟಿನ ಮೇಲೆ ಕಾಲು ಚಾಚಿ ಮಲಗಿ, ಸೊಂಟಕ್ಕೆ ಹಿತವಾಗಿದೆ ಎಂದರು. ಆ ಸೀಟು ಹೊಲಿದವಳು ನಾನೇ ಆದ್ದರಿಂದ ನನಗೆ ಖುಷಿಯಾಯಿತು. ಹೋಗುವಾಗ ಮೇಷ್ಟ್ರು, “ಮನೇಲಿ ಮಾತಾಡ್ಕೊಂಡು ಹೇಳ್ತೀವಿ ಅಕ್ಕಾ,” ಎಂದರು.

ಅಲ್ಲಿಂದ ಶುರುವಾಯಿತು. ಮುಂದಿನ ಭಾನುವಾರ ಬಂದರು, ಅದರ ಮುಂದಿನ ಭಾನುವಾರವೂ ಬಂದರು. ಬರುವಾಗ ತಿಂಡಿ ಡಬ್ಬಿ, ಹೊದ್ದುಕೊಳ್ಳಲು ಶಾಲು, ಓದಲು ಪೇಪರು ತರುತ್ತಿದ್ದರು. ಪರದೆಯ ಬಣ್ಣ ಕಣ್ಣಿಗೆ ಹೊಡೆಯುತ್ತದೆ ಎಂದರು, ಬೇರೆ ಹೊಲಿದುಕೊಟ್ಟೆ. ಆ ಬಣ್ಣ ಮಂಕಾಯಿತು ಎಂದರು, ಹಲ್ಲು ಕಚ್ಚಿಕೊಂಡು ಅದನ್ನೂ ಬದಲಾಯಿಸಿದೆ. ಬೋಟು ಸ್ವಲ್ಪ ಎಡಕ್ಕೆ ವಾಲಿದಂತಿದೆ ಎಂದು ಮೇಷ್ಟ್ರು ನೆಲದ ಮೇಲೆ ಗೋಲಿ ಉರುಳಿಸಿ ನೋಡಿದರು. ವಾಲಿದ್ದು ಅವರ ತಾಯಿ ಕೂತ ಕಡೆಗೆ. ಕೇಳಿದಾಗಲೆಲ್ಲ ಒಂದೇ ಉತ್ತರ, ಇನ್ನೂ ಯೋಚಿಸುತ್ತಿದ್ದೇವೆ ಎಂದು. ಜೆಟ್ಟಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ ಯಜಮಾನರು, “ಅವಸರ ಏನಿಲ್ಲ ಮೇಷ್ಟ್ರೇ, ನಿಧಾನಕ್ಕೆ ಯೋಚ್ನೆ ಮಾಡಿ,” ಎನ್ನುತ್ತಿದ್ದರು. ಸೌಜನ್ಯಕ್ಕೆ ಹಾಗೆನ್ನುತ್ತಾರೆ ಎಂದುಕೊಂಡಿದ್ದೆ.

ಈ ನಡುವೆ ಬಲೆ ವ್ಯಾಪಾರಿಯೊಬ್ಬರು ಬಂದು, ಹೆಂಡತಿ ಮಕ್ಕಳಿಗೆಂದು ಬೋಟು ಕೇಳಿದರು. ಅವರು ತಟ್ಟಿಯೂ ನೋಡಲಿಲ್ಲ, ಗೋಲಿಯನ್ನೂ ಉರುಳಿಸಲಿಲ್ಲ, ನಾಳೆಯೇ ಒಯ್ಯುತ್ತೇನೆ ಎಂದರು. ಆದರೆ ನಮ್ಮ ಜೆಟ್ಟಿಯಲ್ಲಿ ಮೊದಲು ಮಾತಾಡಿದವರು ಬೇಡ ಎನ್ನುವವರೆಗೆ ಇನ್ನೊಬ್ಬರಿಗೆ ಕೊಡುವ ಪದ್ಧತಿಯಿಲ್ಲ. ಯಜಮಾನರೂ ಅದನ್ನೇ ಒತ್ತಿ ಹೇಳಿದರು. ವ್ಯಾಪಾರಿಯನ್ನು ಬರಿಗೈಯಲ್ಲಿ ಕಳುಹಿಸಿದೆ. ಬರೆದುಕೊಳ್ಳುತ್ತಿರುವ ಪೇದೆಯವರು ವಿಷಯಕ್ಕೆ ಬನ್ನಿ ಎನ್ನುತ್ತಿದ್ದಾರೆ. ವಿಷಯವೇ ಇದು.

ಮೊನ್ನೆ ಗುರುವಾರ ಯಜಮಾನರು ಬೋಟಿನ ಏಣಿಯ ಮೇಲೆ ನಿಂತಾಗ ಮತ್ತೆ ವಾಲಿದರು. ಕೈಗೆ ಕಂಬಿ ಸಿಕ್ಕಿತು, ಬೀಳಲಿಲ್ಲ. ಕಿಟಕಿಯಿಂದ ನೋಡಿದ ನನಗೆ ಸೂಜಿ ಬೆರಳಿಗೆ ಹೊಕ್ಕಿದ್ದೂ ತಿಳಿಯಲಿಲ್ಲ.

ಈ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮೇಷ್ಟ್ರ ಸಂಸಾರ ಎಂದಿನಂತೆ ಡಬ್ಬಿ ಹಿಡಿದು ಬಂದಿತು. ಇದು ಒಂಬತ್ತನೆಯ ಭಾನುವಾರ. ಮೇಷ್ಟ್ರ ಹೆಂಡತಿ ಪರದೆಯನ್ನು ಎರಡು ಬೆರಳಲ್ಲಿ ಹಿಡಿದು, “ಮೊದಲಿದ್ದ ಬಣ್ಣಾನೇ ಚೆನ್ನಾಗಿತ್ತು ಅಕ್ಕಾ,” ಎಂದರು. ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಹಳೆಯ ಪರದೆ ತರಲು ಯಜಮಾನರನ್ನು ಮನೆಗೆ ಕಳುಹಿಸಿದೆ. ಅವರು ಬೀದಿ ತಿರುಗಿದ ಕೂಡಲೇ ಹಗ್ಗ ಬಿಚ್ಚಿ ಎಂಜಿನ್ ಶುರು ಮಾಡಿ, ಸಿಟ್ಟಿನಿಂದ ಬೋಟನ್ನು ಸರೋವರದ ನಡುವೆ ಒಯ್ದೆ. ಮೇಷ್ಟ್ರು, “ಓಹೋ, ಟ್ರಯಲ್ಲಾ?” ಎಂದು ಸಂತೋಷದಿಂದ ಟೋಪಿ ಸರಿಮಾಡಿಕೊಂಡರು.

ಅಲ್ಲಿ ಲಂಗರು ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. “ಮೇಷ್ಟ್ರೇ, ಇನ್ನು ಮೀನಮೇಷ ಎಣಿಸಿದ್ದು ಸಾಕು. ಬೇಕು ಅನ್ನಿ, ಇಲ್ಲಾ ಬೇಡ ಅನ್ನಿ. ಅಲ್ಲೀವರೆಗೂ ಬೋಟು ಕದಲಲ್ಲ,” ಎಂದೆ. ಬೆದರಿಕೆ ಹಾಕಿದೆ ಎಂದು ಬರೆಯುವುದಾದರೆ ಬರೆದುಕೊಳ್ಳಿ.

ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಹೆಂಡತಿ ನೀರು ನೋಡಿದರು. ನಾನು ಡಬ್ಬಿ ತೆಗೆದು ಅವರ ತಿಂಡಿಯನ್ನೇ ತಿನ್ನತೊಡಗಿದೆ. ಕೊನೆಗೆ ಮೇಷ್ಟ್ರ ತಾಯಿ ಎದ್ದು ಕೂತು, ಮಗನಿಗೆ ಗದರಿದರು.

“ಹೇಳಿಬಿಡೋ ಮಾರಾಯ. ಆ ಯಮ್ಮನ ಮುಖ ನೋಡಿ ಸುಳ್ಳು ಹೇಳಕ್ಕೆ ನನ್ನ ಕೈಲಾಗಲ್ಲ.”

ಆಗ ಮೇಷ್ಟ್ರು ಹೇಳಿದ್ದೇನೆಂದರೆ, ಬೋಟು ಕೊಳ್ಳುವುದೆಂದು ಅವರು ಎರಡನೆಯ ಭಾನುವಾರವೇ ತೀರ್ಮಾನಿಸಿದ್ದರು. ಆ ಮಾತನ್ನು ಮೊದಲು ನಮ್ಮ ಯಜಮಾನರಿಗೆ ಹೇಳಿದ್ದರು. ಯಜಮಾನರು ಅವರ ಎರಡೂ ಕೈ ಹಿಡಿದುಕೊಂಡು, “ಬೇಕು ಅಂತ ಅನ್ಬೇಡಿ, ಬೇಡ ಅಂತಲೂ ಅನ್ಬೇಡಿ. ಸುಮ್ನೆ ಬರ್ತಾ ಇರಿ. ಅಷ್ಟು ದಿನ ಬೋಟು ಇಲ್ಲೇ ಇರುತ್ತೆ,” ಎಂದು ಬೇಡಿಕೊಂಡಿದ್ದರಂತೆ. ಪರದೆಯ ಬಣ್ಣದ ತಕರಾರು ಹೇಳಿಕೊಟ್ಟವರೂ ಅವರೇ. ಗೋಲಿ ಕೊಟ್ಟವರೂ ಅವರೇ.

ಎರಡು ತಿಂಗಳಿಂದ ನಾನು ಶಾಪ ಹಾಕುತ್ತಿದ್ದುದು ಈ ಸಂಸಾರಕ್ಕೆ. ಮನೆಗೆ ಹೋಗಿ ಅದನ್ನೆಲ್ಲ ಹೇಳಿಕೊಳ್ಳುತ್ತಿದ್ದುದು ಯಜಮಾನರ ಮುಂದೆಯೇ. ಅವರು ಪಾಪದವರ ಹಾಗೆ ತಲೆಯಾಡಿಸಿ, ಈಗಿನ ಕಾಲದವರೇ ಹೀಗೆ ಎನ್ನುತ್ತಿದ್ದರು. ಮೇಷ್ಟ್ರಿಗೆ ಯಜಮಾನರ ತಲೆಸುತ್ತಿನ ವಿಷಯ ಗೊತ್ತೇ ಇರಲಿಲ್ಲ. ನಾನು ಹೇಳಿದಾಗ ಅವರ ಹೆಂಡತಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮೇಷ್ಟ್ರು, “ತಪ್ಪಾಯ್ತು ಅಕ್ಕಾ. ಬೋಟು ನಮಗೆ ಬೇಕು,” ಎಂದರು. ಲಂಗರು ಎತ್ತಿದೆ.

ಅರ್ಧ ದಾರಿಯಲ್ಲಿ ತಮ್ಮ ಪೊಲೀಸ್ ಇಲಾಖೆಯ ಬೋಟು ಎದುರಾಗಿ ನಮ್ಮ ಹಿಂದೆಯೇ ಬಂದಿತು. ಜೆಟ್ಟಿಯಲ್ಲಿ ಪೇದೆಯೊಬ್ಬರ ಪಕ್ಕ ಯಜಮಾನರು ನಿಂತಿದ್ದರು, ಹೆಗಲ ಮೇಲೆ ಪರದೆ. ಬೋಟು ಹತ್ತಿರವಾದಂತೆ, “ಎಡಕ್ಕೆ ತಿರುಗ್ಸು, ನಿಧಾನ, ಮೈ ಉಜ್ಜುತ್ತೆ!” ಎಂದು ಕೂಗುತ್ತ ಅಂಚಿಗೆ ಬಂದು ಹಗ್ಗಕ್ಕೆ ಕೈ ಚಾಚಿದರು. ವಾಲಿದರು. ನಾನು ಕಿರುಚಿದೆ. ಪೇದೆಯವರು ಸೊಂಟಕ್ಕೆ ಕೈ ಹಾಕಿ ಹಿಡಿದುಕೊಂಡರು. ಈ ಉಪಕಾರವನ್ನು ಹೇಳಿಕೆಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಬೋಟು ಕಳುವಾಗಿದೆ ಎಂದು ಠಾಣೆಗೆ ಫೋನು ಮಾಡಿದವರು ಯಜಮಾನರೇ ಎಂದು ನನಗೆ ಆಗ ತಿಳಿಯಿತು. ಬೋಟಿನ ಬಣ್ಣ, ಎಂಜಿನ್ನಿನ ನಂಬರು ಎಲ್ಲ ಹೇಳಿದ್ದರು. ನಾನು ಅದರಲ್ಲಿರುವುದನ್ನು ಹೇಳಿರಲಿಲ್ಲ. ಹೆಂಡತಿಯೂ ಕಾಣುತ್ತಿಲ್ಲ ಎಂದು ಯಾಕೆ ಹೇಳಲಿಲ್ಲ ಎಂದು ಪೇದೆಯವರು ಕೇಳಿದರು.

“ಅವಳು ವಾಪಸ್ ಬರ್ತಾಳೆ ಅಂತ ಗೊತ್ತಿತ್ತು ಸಾರ್. ಬೋಟು ಬರುತ್ತೋ ಇಲ್ವೋ ಗೊತ್ತಿರ್ಲಿಲ್ಲ,” ಎಂದರು.

ನನಗೆ ಅಳು ಬಂತು, ಅದರ ಜೊತೆಗೇ ಸಿಟ್ಟೂ ಬಂತು. ಹಾಗೇ ಹೋಗಿ ಎಲ್ಲರೆದುರಿಗೆ ಕೀಲಿಯನ್ನು ಮೇಷ್ಟ್ರ ಕೈಗೆ ಹಾಕಿದೆ. ಯಜಮಾನರು ಬೇಡ ಎನ್ನಲಿಲ್ಲ. ಕುರ್ಚಿಯನ್ನು ಬೀದಿಯ ಕಡೆಗೆ ತಿರುಗಿಸಿಕೊಂಡು ಕೂತರು. ಬೋಟು ಸಿಕ್ಕಿತಲ್ಲ, ನಿಮ್ಮ ದೂರು ಸುಳ್ಳೆಂದು ಮುಗಿಸಿಬಿಡೋಣವೇ ಎಂದು ಪೇದೆಯವರು ಕೇಳಿದ್ದಕ್ಕೂ ಅವರು ಉತ್ತರ ಕೊಡಲಿಲ್ಲ.

ಅದಕ್ಕೆ ನಾನು ಉತ್ತರ ಕೊಡುತ್ತಿದ್ದೇನೆ. ಸುಳ್ಳು ದೂರು ಎಂದು ದಯವಿಟ್ಟು ಬರೆಯಬೇಡಿ. ಅವರ ಬೋಟು ಕಳುವಾಗಿದೆ. ತೆಗೆದುಕೊಂಡು ಹೋದವಳು ನಾನು, ವಾಪಸ್ ಕೊಡುವುದಿಲ್ಲ.

ಮೇಲೆ ಹೇಳಿದ್ದೆಲ್ಲ ನಡೆದದ್ದೇ. ಬರೆದುಕೊಂಡವರು ನನಗೆ ಓದಿ ಹೇಳಿದರು. ‘ಸಿಟ್ಟಿನಿಂದ’ ಎಂಬ ಪದ ತೆಗೆಯಲೇ ಎಂದು ಕೇಳಿದರು, ಇರಲಿ ಎಂದು ಹೇಳಿ ಸಹಿ ಹಾಕಿದ್ದೇನೆ.

ಸ್ಥಳ: ಜೆಟ್ಟಿ ಹೊರಠಾಣೆ
ದಿನಾಂಕ: ಇದೇ ಭಾನುವಾರ, ಮಧ್ಯಾಹ್ನ
ಸಹಿ: (ಹೇಳಿಕೆ ಕೊಟ್ಟವರು)