ಗಿಣ್ಣಿನೊಳಗಿನ ಕೆಂಪು

ಇಚಲಕರಂಜಿಯ ಸೋನೋಗ್ರಾಫಿ ಸೆಂಟರಿನಲ್ಲಿ ತನ್ನ ಪಾಳಿಗಾಗಿ ಕಾಯುತ್ತಿದ್ದ ರುಪಾಲಿಯ ಪಕ್ಕಕ್ಕೆ ಅತ್ತೆ-ಸೊಸೆ ಒಳಗಿನಿಂದ ಬಂದು ಕೂತರು. ಸೊಸೆ ಬೆರಳಿಗಂಟಿದ ಜೆಲ್ ಒರೆಸಿಕೊಳ್ಳುತ್ತಿದ್ದಳು.

“ರಕ್ತದಾಗ ಏನೂ ಇಲ್ಲಂದಿದ್ರಲ್ಲ, ಮಂಗಲ?”

“ಬೆರಳ ಗಿಣ್ಣಿನಾಗ ಐತ್ರಿ ಅತ್ಯಾರ. ಪಡದೆಮ್ಯಾಗ ಕೆಂಪ ಕಂಡದ್ದೆಲ್ಲಾ ಬಾವು ಅಂದ್ರು ಡಾಕ್ಟರು.”

“ಊದಿದ ಕೆಂಡದಂಗ ಇತ್ತ.”

“ಬೆರಳ ನೋಯ್ತಾವಂತ ಎರಡ ವರ್ಷದಿಂದ ಹೇಳಾಕತ್ತೇನ್ರಿ.”

“ರೊಟ್ಟಿ ಬಡ್ಯೂದ ತಪ್ಪಸಾಕ ನೆವಾ ಹೇಳ್ತಿ ಅಂತಿದ್ನಿ ನಾ.”

“ಹೌದ್ರಿ.” ಆ ದನಿಯಲ್ಲಿ ಸಿಟ್ಟಿರಲಿಲ್ಲ.

ಅತ್ತೆ ತನ್ನ ಸೊಟ್ಟ ಬೆರಳುಗಳನ್ನು ಮಡಿಲಲ್ಲಿ ಹರವಿಕೊಂಡಳು. “ನಮ್ಮತ್ತಿ ನನಗೂ ಹಂಗ ಅಂತಿದ್ಳು. ಆವಾಗ ನಂದೂ ಕೆಂಪ ಇತ್ತೇನೊ.”

“ನಿಮ್ಮ ಕೈನೂ ತೋರಸೂಣೇನ್ರಿ?”

“ಬ್ಯಾಡವಾ. ಸೊಟ್ಟ ಆದಮ್ಯಾಲ ನೋಯೂದ ಬಿಟ್ಟಾವ.”

ರಿಪೋರ್ಟು ಬಂತು. ಕಾಲ ಬಳಿಯಿದ್ದ ಭಾರದ ಚೀಲಕ್ಕೆ ಸೊಸೆ ಕೈಚಾಚುವ ಮೊದಲೇ ಅತ್ತೆ ಅದನ್ನು ಮೊಣಕೈಗೆ ಸಿಕ್ಕಿಸಿಕೊಂಡು ಎದ್ದು, ಬಾಗಿಲನ್ನು ಭುಜದಿಂದ ನೂಕಿ ಹಿಡಿದಳು.