ಹಗ್ಗ ಹಿಡಿದವಳ ನಿದ್ದೆ

ಬನ್ನಿ, ಹತ್ತಿರ ಬನ್ನಿ. ಆಕಳಿಸೋರು ಹಿಂದೆ ಕೂತ್ಕೊಳ್ಳಿ. ಯಾವ ಸೀಮೆಯೋ ಏನೋ, ನಮ್ಮಜ್ಜನ ಅಜ್ಜನೂ ಕಾಣದ ಒಂದೂರು. ಅಲ್ಲಿ ಬಾವಿ ತೋಡೋ ಭರಮ ಅಂತ ಒಬ್ಬ, ಅವನ ಹೆಂಡತಿ ದುರುಗಿ. ಬಾವಿಗಿಳಿದ ಗಂಡನ ಹಗ್ಗ ಹೆಂಡತಿ ಕೈಲೇ ಇರಬೇಕು, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಅದು ಆ ಸೀಮೆ ಕಟ್ಟಳೆ. ಕಲ್ಲುಕಂಬಕ್ಕೆ ಹಗ್ಗ ಎರಡು ಸುತ್ತು ಹಾಕಿ ನಿಧಾನಕ್ಕೆ ಇಳಿಸ್ತಿದ್ದಳು, ನಿಧಾನಕ್ಕೆ ಎಳೀತಿದ್ದಳು. ಇಪ್ಪತ್ತು ವರ್ಷ ಭರಮನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ.

ಆ ಊರಿನ ಗೌಡ ಒಂದಿನ ಪಕ್ಕದೂರಿನ ಗೌಡನ ಮುಂದೆ ಮೀಸೆ ತಿರುವಿದ. "ನಿಮ್ಮ ಬಾವಿಗಿಂತ ಮುಂಚೆ ನಮ್ಮ ಬಾವೀಲಿ ನೀರು ಬರುತ್ತೆ!" ಬಂದವನೇ ಭರಮನಿಗೆ ಅಪ್ಪಣೆ ಮಾಡಿದ. "ನೀರು ಕಾಣೋ ತನಕ ಇಬ್ಬರೂ ಕಣ್ಣು ಮುಚ್ಚಬಾರದು. ನಿದ್ದೆಯಂತೆ ನಿದ್ದೆ! ಸೋಮಾರಿಗಳು ಕಂಡುಹಿಡಿದಿದ್ದು ಅದು."

ಹಾಗಂದು ಮನೆಗೆ ಹೋಗಿ ಮಲಗಿದ.

ಮೊದಲನೇ ದಿನ ಭರಮ ಕೆಳಗಿಂದ ಕೂಗಿದ, "ಹಾರೆ ಕಳಿಸೇ!" ಮುದ್ದೆ ಬಂತು. ಉಂಡ.

ಎರಡನೇ ದಿನ ಕೂಗಿದ, "ಮುದ್ದೆ ಕಳಿಸೇ!" ಹಾರೆ ಬಂತು. ಕಿವಿ ಪಕ್ಕದಲ್ಲೇ ಬಂದು ನೆಲಕ್ಕೆ ನಾಟಿತು.

ಮೂರನೇ ದಿನ ಏನೂ ಕೂಗಲಿಲ್ಲ. ಕೂಗೋಕೆ ಧೈರ್ಯ ಬೇಡವಾ? ಸುಮ್ಮನೆ ಮೇಲೆ ನೋಡಿದ. ದುರುಗಿ ಕಣ್ಣು ತೆರೆದೇ ನಿಂತಿದ್ದಳು, ಆದರೆ ಏನನ್ನೂ ನೋಡ್ತಿರಲಿಲ್ಲ. ಇವತ್ತು ಇವಳು ಮೇಲಕ್ಕೆ ಎಳೆಯೋವಾಗ ನಾನು ಬಿದ್ದು ಸತ್ತರೆ, ಕೈಯಾರೆ ಕೊಂದೆ ಅಂತ ಇವಳು ಬದುಕಿಡೀ ಅಳ್ತಾಳಲ್ಲ ಅಂದುಕೊಂಡ. ಆ ಸಂಕಟದಲ್ಲೇ ಹಾರೆ ಹಾಕಿದ. ನೀರು ಚಿಮ್ಮಿತು.

ಸುದ್ದಿ ಕೇಳಿ ಗೌಡ ಓಡಿಬಂದ. "ಮೊದಲ ಬೊಗಸೆ ನಾನೇ ಕುಡೀಬೇಕು!" ಅಂತ ಹಗ್ಗಕ್ಕೆ ಕಟ್ಟಿದ್ದ ಬುಟ್ಟಿಯಲ್ಲಿ ಕೂತ.

ಭರಮ ಬಾವಿಯೊಳಗಿಂದ ಕೂಗಿದ, "ಬೇಡಿ ಗೌಡ್ರೇ! ಅವಳು ಮೂರು ದಿನದಿಂದ ಮಲಗಿಲ್ಲ!"

"ಅಪ್ಪಣೆ ನಂದೇ ಕಣೋ, ನಂಗೆ ಗೊತ್ತಿಲ್ವಾ? ಏನಮ್ಮ, ಸುತ್ತು ಹಾಕಿದ್ಯಾ?"

"ಹಾಕ್ದೆ."

ಸುಳ್ಳಲ್ಲ, ಕೇಳಿ. ಎರಡು ಸುತ್ತು ಹಾಕಿದ್ದಳು. ಸೊಂಟಕ್ಕೆ, ಸೀರೆ ಸೆರಗನ್ನ.

ಗೌಡ ಬೇಗನೇ ಇಳಿದ.

ಸೊಂಟದ ತನಕ ಕೆಸರಲ್ಲಿ ಹೂತುಕೊಂಡ. ಹಗ್ಗದ ಮೇಲಿನ ತುದಿ ಕಂಬಕ್ಕೆ ಕಟ್ಟಿದ್ದರಿಂದ ಹಗ್ಗ ಬಾವಿಗೆ ಬೀಳದೆ ಉಳಿಯಿತು. ದುರುಗಿ ಆ ಕಂಬಕ್ಕೇ ಒರಗಿ ಗೊರಕೆ ಹೊಡೆದಳು.

"ಎಬ್ಬಿಸೋ ಅವಳನ್ನ!"

"ಎಬ್ಬಿಸ್ತೀನಿ ಗೌಡ್ರೇ. ಅರೆನಿದ್ದೇಲಿ ಎಳೀತಾಳೆ. ಅರ್ಧ ದಾರಿ ಹೋದ್ಮೇಲೆ ನೀವು ಮತ್ತೆ ಇಳೀತೀರಿ. ಈ ಸಲ ಕೆಸರು ಸಿಗುತ್ತೋ, ಹಾರೆ ಸಿಗುತ್ತೋ."

"ಹಾಗಾದ್ರೆ ನೀನೇ ಹಗ್ಗ ಹಿಡಿದು ಹತ್ತು."

"ನಾನೂ ಮಲಗಿಲ್ವಲ್ಲ," ಅಂದ ಭರಮ. ಗೋಡೆಗೆ ಒರಗಿ ಮಲಗೇಬಿಟ್ಟ.

ಅಷ್ಟರಲ್ಲಿ ಪಕ್ಕದೂರಿನ ಗೌಡ ಬಂದು ಬಾವಿಯೊಳಗೆ ಬಗ್ಗಿ ಕೂಗಿದ, "ನೀರು ಬಂತೇನ್ರೀ?"

ನಮ್ಮ ಗೌಡ ಕೆಸರು ಬೆರಳನ್ನ ತುಟಿ ಮೇಲಿಟ್ಟ.

"ಶ್ಶ್! ಮೆಲ್ಲಗೆ ಮಾತಾಡ್ರೀ. ಹೆಣ್ಣುಮಗಳು ಮಲಗಿದ್ದಾಳೆ."

ಹೊತ್ತು ಇಳಿಯೋವಾಗ ದುರುಗಿ ಎದ್ದಳು, ಮುಖ ತೊಳೆದಳು, ಕಂಬಕ್ಕೆ ಎರಡು ಸುತ್ತು ಹಾಕಿದಳು. ಮೊದಲು ಗಂಡನನ್ನ ಎಳೆದಳು. ಆಮೇಲೆ ಗೌಡನನ್ನ.

ಇವತ್ತಿಗೂ ಆ ಸೀಮೇಲಿ ಬಾವಿಗೆ ಇಳಿಯೋರು ಹಗ್ಗ ಹಿಡಿದವರನ್ನ "ನಿದ್ದೆ ಆಯ್ತಾ?" ಅಂತ ಕೇಳೇ ಇಳಿಯೋದು. ಆ ಗೌಡ ಬದುಕಿದ್ದ ತನಕ ಮೂರ್ಮೂರು ಸಲ ಕೇಳ್ತಿದ್ದನಂತೆ.

ಕಥೆ ದಡಕ್ಕೆ ಬಂತು, ಹಗ್ಗ ಸುತ್ತಿಟ್ಟೆ. ಏಳಿ, ಹೋಗಿ ಮಲಗಿ.