ಗುಂಡು ಕಾಯಿಸಿದ ಓವನ್

ಅಮೆರಿಕದ ಫೇರ್‌ಫ್ಯಾಕ್ಸ್‌ನ ಅಂಗಡಿಯೊಂದರ ಬಿಲ್ಲಿಂಗ್ ಸಾಲಿನಲ್ಲಿ ಸಾಲೆಹಾಳ ಮುಂದೆ ಅರವತ್ತು ದಾಟಿದ ದಂಪತಿ ನಿಂತಿದ್ದರು. ಅವರ ಕಾರ್ಟಿನಲ್ಲಿ ಹೊಸ ಟೋಸ್ಟರ್ ಓವನ್ ಇತ್ತು. ಕನ್ನಡ ಕಿವಿಗೆ ಬಿದ್ದು ಅವಳು ಫೋನಿನಿಂದ ತಲೆಯೆತ್ತಿದಳು.

“ಅಡಿಗಿ ಮನ್ಯಾಗ ಛಲೋ ಓವನ್ ಇರೂವಾಗ ಇನ್ನೊಂದ್ ಯಾಕ್ರಿ?”

“ಅದರಾಗ ಇನ್ನ ಏನೂ ಮಾಡಬ್ಯಾಡ ವಿದ್ಯಾ. ಹ್ವಾದ ವಾರ ಗ್ಯಾರೇಜಿನ ಓವನ್ ಕೆಟ್ಟಿತ್ತು. ನನ್ನ ಬಂದೂಕಿನ ಬುಲೆಟ್ ಅಡಿಗಿ ಮನಿ ಓವನ್ನಾಗ ಇಟ್ಟಿದ್ದೆ.”

“ಸೀಸ ಕರಗಿಸಿ ಎರಕ ಹೊಯ್ತೀರಲ್ಲ, ಅವಾ?”

“ಹೂಂ. ಹಸಿರು ಪೌಡರ್ ಹಚ್ಚಿ, ನಾನೂರು ಡಿಗ್ರಿಗೆ ಇಪ್ಪತ್ತು ನಿಮಿಷ ಕಾಯಿಸಿದ್ರ ಬಣ್ಣ ಗಟ್ಟಿ ಕುಂದರತೈತಿ. ಆಮ್ಯಾಲೆ ಓವನ್ ಒರಸೀನಿ.”

“ಒರಸ್ಯಾರಂತ! ರವಿವಾರ ಅದರಾಗ ಶೇಂಗಾ ಹುರದೀನಿ. ಚಟ್ನಿಪುಡಿ ಮಾಡಿ ನಮ್ಮ ಚೇತನನ ಕೈಯಾಗ ಕೊಟ್ಟೀನಿ. ಸೀಸ ಅಂದ್ರ ವಿಷ, ಸೊಸಿ ಬಸರಿ ಅದಾಳ್ರೀ!”

“ಅಷ್ಟರಾಗ ಏನೂ ಆಗಂಗಿಲ್ಲ ಬಿಡ.”

“ಏನೂ ಆಗಂಗಿಲ್ಲಂದ್ರ ಹೊಸಾದು ಯಾಕ್ ಕೊಳ್ಳಾಕತ್ತೀರಿ?”

ಸಾಲು ಮುಂದೆ ಸರಿಯಿತು, ಇವರು ಸರಿಯಲಿಲ್ಲ. ಸಾಲೆಹಾಳೂ ಸರಿಯಲಿಲ್ಲ.

“ಚೇತನಗ ಫೋನ್ ಮಾಡ್ರಿ.”

“ನೀನ ಮಾಡು. ಶೇಂಗಾ ಹೊತ್ತಿದ್ವು, ಪುಡಿ ಚೆಲ್ರಿ ಅಂತ ಹೇಳು. ಬುಲೆಟ್ ಅಂದ್ರ ಅಂವ ನನ್ನ ಸಾಮಾನೆಲ್ಲಾ ಒಗಿ ಅಂತಾನ.”

“ಅನ್ಲಿ. ಹೊತ್ತಿದ್ರೂ ರುಚಿ ಐತಿ ಅಂತ ತಿಂತಾಳ ಆ ಹುಡುಗಿ. ಖರೇ ಹೇಳ್ರಿ. ಇಲ್ಲೇ, ಈಗ.”

ಗಂಡ ಫೋನ್ ಕಿವಿಗಿಟ್ಟರು.

“ಚೇತನ, ಆ ಚಟ್ನಿಪುಡಿ ಯಾರೂ ಮುಟ್ಟಬ್ಯಾಡ್ರಿ… ತಿಂದಾಳಾ? ಡಾಕ್ಟರ್‌ಗೆ ಕಾಲ್ ಮಾಡು, ಸೀಸದ ಬ್ಲಡ್ ಟೆಸ್ಟ್ ಬೇಕು ಅನ್ನು. ಹೂಂ, ನನ್ನ ಬುಲೆಟ್‌ದು. ತಪ್ಪು ನಂದ.”

ಹೆಂಡತಿ ಕಾರ್ಟನ್ನು ಬದಿಗೆ ತಳ್ಳಿ, ಗಂಡನ ಕೈಯಿಂದ ಕಾರಿನ ಕೀ ತೆಗೆದುಕೊಂಡರು.

“ಆಲ್ಡಿಗೆ, ಚೇತನನ ಮನೀಗೆ, ನಾ ಡ್ರೈವ್ ಮಾಡ್ತೀನಿ. ಅಂವ ಬೈಯೂದೆಲ್ಲಾ ಕೇಳ್ಕೋತ ಬರ್ರಿ. ಫೋನ್ ಮಾತ್ರ ಇಡಬ್ಯಾಡ್ರಿ.”